ದನಿಗೆ ವರ್ಗವಾದ ಮೇಲೆ

ಮೂರು ಲೈನುಗಳು ಬಂದು ಕೂಡುವ ಆ ಊರಿನಲ್ಲಿ ರೈಲು ತಡವಾದರೆ ಜನ ರೈಲನ್ನು ಬೈಯುತ್ತಿರಲಿಲ್ಲ. ಪಾರ್ಸೆಲ್ ಆಫೀಸಿನ ಮೂಲೆಯಲ್ಲಿ ಕೂತು ಗಂಟುಮೂಟೆಗಳಿಗೆ ಚೀಟಿ ಅಂಟಿಸುತ್ತಿದ್ದ ಮೈಕಕ್ಕನನ್ನು ಬೈಯುತ್ತಿದ್ದರು.

"ನಿನ್ನೆ ನಲವತ್ತು ನಿಮಿಷ ತಡ ಅಂದ್ರಿ. ಗಾಡಿ ಬರೋದ್ರೊಳಗೆ ನನ್ನ ಹಲ್ಲುನೋವೇ ವಾಸಿಯಾಗಿತ್ತು," ಎನ್ನುತ್ತಿದ್ದ ಸ್ಟೇಷನ್ನಿನ ಎದುರಿನ ಕ್ಷೌರಿಕ.

"ನಾನು ಹೇಳಿದ್ದಲ್ಲ ಅಣ್ಣಾ. ಮಿಷನ್ ಹೇಳಿದ್ದು."

"ದನಿ ನಿಮ್ಮದೇ ತಾನೇ?"

ದನಿ ಅವಳದೇ. ಅಲ್ಲವೆನ್ನುವ ಹಾಗಿರಲಿಲ್ಲ. ಹದಿನಾಲ್ಕು ವರ್ಷ ಅವಳು ಒಂದನೇ ಪ್ಲಾಟ್‌ಫಾರಮ್ಮಿನ ಗಾಜಿನ ಗೂಡಿನಲ್ಲಿ ಕೂತು ಬಾಯಿಯಾರೆ ರೈಲುಗಳನ್ನು ಕರೆದವಳು. ಆರು ವರ್ಷದ ಹಿಂದೆ ಮಿಷನ್ ಬಂತು. ಗೋಡೆಗೆಲ್ಲ ಕಂಬಳಿ ಹೊದಿಸಿದ ಕೋಣೆಯಲ್ಲಿ ಎರಡು ದಿನ ಕೂರಿಸಿ, ಸೊನ್ನೆಯಿಂದ ಐವತ್ತೊಂಬತ್ತರವರೆಗೆ ಅಂಕಿ, ಎಪ್ಪತ್ತೆರಡು ಸ್ಟೇಷನ್ನುಗಳ ಹೆಸರು, 'ಬರುತ್ತಿದೆ', 'ಹೊರಡಲಿದೆ', 'ತಡವಾಗಿ', 'ವಿಷಾದಿಸುತ್ತೇವೆ' ಎಲ್ಲವನ್ನೂ ಅವಳಿಂದ ಬಿಡಿಬಿಡಿಯಾಗಿ ಹೇಳಿಸಿಕೊಂಡರು. ಎರಡನೆಯ ದಿನ ಅವಳಿಗೆ ನೆಗಡಿ. ಹಾಗಾಗಿ ಆ ಊರಿನಲ್ಲಿ ರೈಲುಗಳು ಆರೋಗ್ಯವಾಗಿ ಬಂದು ನೆಗಡಿಯಲ್ಲಿ ತಡವಾಗುತ್ತಿದ್ದವು. ಎಲ್ಲ ಮುಗಿದ ಮೇಲೆ ಸ್ಟೇಷನ್ ಮಾಸ್ತರರು, "ದನಿ ಇಲ್ಲಿರ್ಲಿ, ನೀವು ಪಾರ್ಸೆಲ್ಲಿಗೆ ಹೋಗಿ," ಎಂದರು. ಅವಳು ಹೋದಳು. ಕೊರಳಿನಿಂದ ಹಾರ ತೆಗೆದಿಟ್ಟಷ್ಟೇ, ಏನೂ ಅನ್ನಿಸಲಿಲ್ಲ. ಆಮೇಲೆ ಸ್ವಲ್ಪ ಸ್ವಲ್ಪವಾಗಿ ಅನ್ನಿಸತೊಡಗಿತು. ಒಂದು ಸಲ ತನ್ನ ದನಿಯನ್ನೇ ಕೇಳಿ ತನ್ನ ಗಡಿಯಾರ ಸರಿಮಾಡಿಕೊಂಡಳು. ಸಂಜೆ ನೋಡಿದರೆ ದನಿ ಹೇಳಿದ್ದು ತಪ್ಪು, ಗಡಿಯಾರ ಹೇಳಿದ್ದು ಸರಿ.

ಊರಿಗೆ ಒಂದೊಂದು ಲೈನಿನ ಮೇಲೂ ಒಂದೊಂದು ಭಾಷೆ ಬಂದು ಇಳಿದಿತ್ತು. ಬಂದರಿನ ಲೈನಿನವರದು ಒಂದು, ಗಣಿ ಲೈನಿನವರದು ಒಂದು, ರಾಜಧಾನಿ ಲೈನಿನವರದು ಒಂದು. ಜಗಳವನ್ನು ಬಂದರಿನ ಭಾಷೆಯಲ್ಲಿ ಶುರುಮಾಡಿ, ಗಣಿಯವರ ಭಾಷೆಯಲ್ಲಿ ಕೈ ಎತ್ತಿ, ರಾಜಧಾನಿಯ ಭಾಷೆಯಲ್ಲಿ ಕ್ಷಮೆ ಕೇಳುವುದು ಅಲ್ಲಿನವರ ರೂಢಿ. ಮಿಷನ್ನಿಗೆ ಈ ಮೂರೂ ಬರುತ್ತಿದ್ದವು. ಮೈಕಕ್ಕನ ಮನೆಯಲ್ಲಿ ಮಾತ್ರ ನಾಲ್ಕನೆಯದೊಂದು ಮಾತು ನಡೆಯುತ್ತಿತ್ತು, ಹಳಿಯೇ ಹೋಗದ ಗುಡ್ಡಗಳ ಆಚೆಗಿನದು. ಗಾರ್ಡ್ ಆಗಿದ್ದ ಅಪ್ಪ ತೀರಿಕೊಂಡ ಮೇಲೆ ಅದನ್ನು ಆಡುವವರು ಊರಿನಲ್ಲಿ ಇಬ್ಬರೇ ಉಳಿದರು, ತಾಯಿ ಮತ್ತು ಮಗಳು. ಅಮ್ಮನಿಗೆ ಉಳಿದ ಮೂರೂ ಬಾರವು. ಮಗಳು ಮೈಕಿನಲ್ಲಿ ಏನು ಹೇಳುತ್ತಾಳೆಂದು ಇಪ್ಪತ್ತು ವರ್ಷದಲ್ಲಿ ಅವಳಿಗೆ ಒಂದಕ್ಷರ ತಿಳಿದಿರಲಿಲ್ಲ. ಹೇಳುವವಳು ಮಗಳೆಂದು ಮಾತ್ರ ತಿಳಿದಿತ್ತು.

ಮಿಷನ್ ಬಂದ ಹೊಸದರಲ್ಲಿ ಅಮ್ಮನಿಗೆ ಅದೊಂದು ತಮಾಷೆ. "ಇಲ್ಲಿ ನೋಡಿದ್ರೆ ಉಣ್ತಾ ಇದೀಯ, ಅಲ್ಲಿ ನೋಡಿದ್ರೆ ಕೂಗ್ತಾ ಇದೀಯ. ಇಬ್ಬರನ್ನ ಸಾಕೋದು ನನ್ನ ಕೈಲಾಗಲ್ಲ ಕಣೇ," ಎಂದು ನಗುತ್ತಿದ್ದಳು. ಆ ನಗು ಯಾವಾಗ ನಿಂತಿತು ಎಂದು ಹಿಂತಿರುಗಿ ಲೆಕ್ಕ ಹಾಕಿದರೆ ಮೈಕಕ್ಕನಿಗೆ ಸಿಗುತ್ತಿರಲಿಲ್ಲ. ಮೊದಲು ಕನ್ನಡಕ ಕಳೆಯಿತು, ಆಮೇಲೆ ವಾರಗಳು ಕಳೆದವು, ಆಮೇಲೆ ಅಪ್ಪ ಸತ್ತದ್ದು ಕಳೆದುಹೋಯಿತು. ವಯಸ್ಸಾಯಿತು, ಅಷ್ಟೇ ಅಂದುಕೊಂಡಿದ್ದಳು.

ರಜೆಯ ದಿನವೊಂದರಲ್ಲಿ ಇಬ್ಬರೂ ಊಟಕ್ಕೆ ಕೂತಿದ್ದರು. ಕಿಟಕಿಯಾಚೆಯಿಂದ ಹನ್ನೆರಡೂವರೆಯ ಪ್ಯಾಸೆಂಜರಿನ ಘೋಷಣೆ ಕೇಳಿಸಿತು. ಅಮ್ಮ ಸೌಟು ಕೆಳಗಿಟ್ಟು ಕಿವಿಗೊಟ್ಟಳು.

"ಇವತ್ತು ಊಟಕ್ಕೆ ಬರ್ತಾಳೋ ಇಲ್ವೋ," ಎಂದಳು.

"ಯಾರಮ್ಮ?"

"ನನ್ನ ಮಗಳು." ಅಮ್ಮ ಅವಳ ಮುಖವನ್ನು ಮರ್ಯಾದೆಯಿಂದ, ಹೊಸ ನೆಂಟರನ್ನು ನೋಡುವ ಹಾಗೆ ನೋಡಿದಳು. "ನೀವು ಶುರು ಮಾಡಿ. ಅವಳ ಡ್ಯೂಟಿ ಅಂದ್ರೆ ಹಾಗೇ, ಹೊತ್ತುಗೊತ್ತು ಇಲ್ಲ."

ಮೈಕಕ್ಕ ತುತ್ತು ಕೈಯಲ್ಲಿ ಹಿಡಿದು ಕೂತಳು. ಕಣ್ಣು ಕಟ್ಟಿ ಕಾಡಿಗೆ ಬಿಟ್ಟ ಹಾಗಾಯಿತು. ತಮಾಷೆಯಿರಬೇಕು ಎಂದು ಅಮ್ಮನ ತುಟಿಯ ಕೊನೆ ನೋಡಿದಳು. ಅಲ್ಲೇನೂ ಇರಲಿಲ್ಲ.

"ಅಮ್ಮಾ, ನಾನೇ."

"ನೀವೇ, ನೀವೇ," ಎಂದಳು ಅಮ್ಮ, ಯಾರ ಮನಸ್ಸೂ ನೋಯಬಾರದೆಂಬಂತೆ. "ಇನ್ನು ಸ್ವಲ್ಪ ಹಾಕ್ಲಾ?"

ಅಲ್ಲಿಂದ ಮುಂದೆ ಮನೆಯಲ್ಲಿ ಅವಳು ಯಾರೆಂಬುದು ದಿನಕ್ಕೊಂದು ತೆರನಾಯಿತು. ಆಸ್ಪತ್ರೆಯಿಂದ ಬಂದ ದಾದಿ, ಎದುರುಮನೆಯ ಸೊಸೆ, ಬಾಡಿಗೆಗಿದ್ದವಳು, ಕೆಲವೊಮ್ಮೆ ಬರಿಯ 'ಇವರು'. ಮಗಳು ಮಾತ್ರ ಅಲ್ಲ. ಮಗಳು ಸ್ಟೇಷನ್ನಿನಲ್ಲಿದ್ದಳು; ಮುಂಜಾನೆಯಿಂದ ಸಂಜೆಯವರೆಗೆ ಅವಳ ದನಿಯನ್ನು ಕಿವಿಯಾರೆ ಕೇಳುತ್ತಿರುವಾಗ ಇನ್ನೊಬ್ಬಳು ಬಂದು ನಾನೇ ನಿನ್ನ ಮಗಳು ಎಂದರೆ ಯಾವ ತಾಯಿ ನಂಬುತ್ತಾಳೆ? ಒಂದು ದಿನ ಮೈಕಕ್ಕ ಟ್ರಂಕಿನಿಂದ ಹಳೆಯ ನೀಲಿ ಕೋಟು ತೆಗೆದು ಹಾಕಿಕೊಂಡು, ಅಡಿಗೆಮನೆಯ ಬಾಗಿಲಲ್ಲಿ ನಿಂತು, ಪ್ಯಾಸೆಂಜರ್ ಗಾಡಿ ಎರಡನೇ ಪ್ಲಾಟ್‌ಫಾರಮ್ಮಿಗೆ ಬರುತ್ತಿದೆ ಎಂದು ಮೂರು ಭಾಷೆಗಳಲ್ಲಿ ಘೋಷಿಸಿದಳು.

ಅಮ್ಮ ಪೂರ್ತಿ ಕೇಳಿದಳು. "ಚೆನ್ನಾಗಿ ಅಣಕಿಸ್ತೀರಿ," ಎಂದಳು. "ಕೋಟು ಬಿಚ್ಚಿಡಿ. ಅವಳಿಗೆ ತನ್ನ ಬಟ್ಟೆ ಬೇರೆಯವರು ಹಾಕಿದ್ರೆ ಆಗಲ್ಲ."

ಇಷ್ಟರಲ್ಲೇ ನಿಂತಿದ್ದರೆ ಹೇಗೋ ಸಹಿಸಬಹುದಿತ್ತು. ಆದರೆ ಮಗಳು ಸ್ಟೇಷನ್ನಿನಲ್ಲಿ ಹಸಿದುಕೊಂಡಿದ್ದಾಳಲ್ಲ. ಹನ್ನೆರಡೂವರೆಯ ದನಿ ಕೇಳಿದೊಡನೆ ಅಮ್ಮ ಬುತ್ತಿ ಕಟ್ಟಿಕೊಂಡು ಹೊರಡತೊಡಗಿದಳು. ಅವರಿದ್ದ ರೈಲ್ವೆ ಕಾಲೊನಿಗೂ ಸ್ಟೇಷನ್ನಿಗೂ ನಡುವೆ ಒಂಬತ್ತು ಹಳಿಗಳ ಯಾರ್ಡು. ಊರಿಗೆಲ್ಲ ಹಳಿ ದಾಟಬೇಡಿ ಎಂದು ಬುದ್ಧಿ ಹೇಳುವ ರೈಲ್ವೆಯವರು ತಾವು ಮಾತ್ರ ಬೇಲಿಯ ಕಿಂಡಿಯಲ್ಲಿ ನುಸುಳಿ ಹಳಿ ದಾಟಿಯೇ ಓಡಾಡುತ್ತಿದ್ದರು. ಅಮ್ಮನ ಕಾಲಿಗೂ ಅದೇ ದಾರಿ ಅಭ್ಯಾಸ. ಎಂಜಿನ್ ಸದ್ದು ಮಾಡುತ್ತದೆ, ಹೆದರಿಸುತ್ತದೆ. ಯಾರ್ಡಿನಲ್ಲಿ ಹೆದರಬೇಕಾದದ್ದು ಎಂಜಿನ್ನಿಗಲ್ಲ, ಎಂಜಿನ್ ತಳ್ಳಿ ಬಿಟ್ಟ ಒಂಟಿ ಡಬ್ಬಿಗೆ. ಅದು ಬೆಕ್ಕಿನ ಹಾಗೆ ಬರುತ್ತದೆ.

ಲೆವೆಲ್ ಕ್ರಾಸಿಂಗಿನ ಗೇಟುಮಾವ, ಕಾಲೊನಿಯವರೆಲ್ಲ ಅವನನ್ನು ಹಾಗೇ ಕರೆಯುತ್ತಿದ್ದುದು, ಒಂದು ಮಧ್ಯಾಹ್ನ ಪಾರ್ಸೆಲ್ ಆಫೀಸಿಗೆ ಅಮ್ಮನ ಕೈ ಹಿಡಿದುಕೊಂಡೇ ಬಂದ.

"ಮೈಕಕ್ಕ, ನಿಮ್ಮ ತಾಯಿ. ಐದನೇ ಲೈನಲ್ಲಿ ಕಲ್ಲಿದ್ದಲ ಡಬ್ಬಿ ಇವರ ಬೆನ್ನಿಗೆ ಗಾಳಿ ಬೀಸ್ಕೊಂಡು ಹೋಯ್ತು. ಒಂದು ಮೊಳ. ಕೂಗಿದೆ, ತಿರುಗಿ ನೋಡ್ಲಿಲ್ಲ. ನನ್ನ ಭಾಷೆ ಅವರಿಗೆ ಬರಲ್ಲ."

"ಕೂಗಿಗೂ ಭಾಷೆ ಬೇಕೇನು?"

"ಅದನ್ನ ಅವರನ್ನೇ ಕೇಳಿ."

ಅಮ್ಮ ಬುತ್ತಿಯನ್ನು ಎದೆಗೆ ಅವುಚಿಕೊಂಡು ಪಾರ್ಸೆಲ್ ಆಫೀಸಿನ ಮಾಡು ನೋಡುತ್ತಿದ್ದಳು. ಧ್ವನಿವರ್ಧಕ ಹೊರಗಿತ್ತು. "ಇಲ್ಲಿಲ್ಲ ಅವಳು," ಎಂದಳು ಮೈಕಕ್ಕನಿಗೆ, ಗುಟ್ಟು ಹೇಳುವಂತೆ. "ಆ ಕಡೆಯಿಂದ ಕೂಗ್ತಿದಾಳೆ."

ಮಾರನೆಯ ದಿನದಿಂದ ಮೈಕಕ್ಕ ಡ್ಯೂಟಿಗೆ ಹೋಗುವಾಗ ಹೊರಗಿನಿಂದ ಚಿಲಕ ಹಾಕತೊಡಗಿದಳು. ಅಮ್ಮ ಒಳಗಿನಿಂದ ಬಾಗಿಲು ಬಡಿದಳು. ಮೂರನೆಯ ದಿನ ಪಕ್ಕದ ಮನೆಯಾಕೆ, ಹಳಿ ಬದಲಿಸುವ ಪಾಯಿಂಟ್ಸ್‌ಮನ್ನನ ಹೆಂಡತಿ, ಬೇಲಿಗೆ ಒರಗಿಕೊಂಡು ಅವಳನ್ನು ತಡೆದಳು. ಬಂದರಿನ ಭಾಷೆಯವಳು, ಅವಳ ಬಾಯಿಗೆ ಹೆದರಿ ಗಂಡ ಎಂಟು ತಾಸಿನ ಡ್ಯೂಟಿಯನ್ನು ಹನ್ನೆರಡು ಮಾಡುತ್ತಾನೆಂದು ಕಾಲೊನಿಯ ಮಾತು.

"ನಿಮ್ಮಮ್ಮ ಏನು ಹೇಳ್ತಾರೋ ನಂಗೆ ತಿಳಿಯಲ್ಲ. ಆದ್ರೆ ಅಳು ತಿಳಿಯತ್ತೆ. ಹೆತ್ತ ತಾಯಿನ ಕೋಳಿ ಮುಚ್ಚಿದ ಹಾಗೆ ಮುಚ್ಚಿ ಹೋಗ್ತೀರಲ್ಲ."

"ಬಿಟ್ರೆ ಡಬ್ಬಿ ಕೆಳಗೆ ಹೋಗ್ತಾಳೆ ಅಕ್ಕ."

"ಮುಚ್ಚಿದ್ರೆ ಬಾಗಿಲಿಗೆ ತಲೆ ಚಚ್ಕೊಂಡು ಹೋಗ್ತಾರೆ. ಯಾವುದು ಸಲೀಸು ನೋಡ್ಕೊಳ್ಳಿ."

ಉಗುಳಲಾಗದ ನುಂಗಲಾಗದ ಬಿಸಿತುಪ್ಪ. ರೈಲ್ವೆ ಆಸ್ಪತ್ರೆಯ ಡಾಕ್ಟರು ವಾದ ಮಾಡಬೇಡಿ, ಅವರ ತಲೆ ಕೆಡಿಸುವ ವಸ್ತುವನ್ನು ಕಣ್ಣೆದುರಿನಿಂದ ತೆಗೆದುಬಿಡಿ ಎಂದರು. ವಸ್ತು ಕಣ್ಣೆದುರಿಗೆ ಇರಲಿಲ್ಲ. ಹದಿನೆಂಟು ಕಂಬಗಳ ಮೇಲಿನ ಧ್ವನಿವರ್ಧಕಗಳಲ್ಲಿ ಇತ್ತು.

ಮೈಕಕ್ಕ ಸ್ಟೇಷನ್ ಮಾಸ್ತರರ ಬಳಿ ಹೋಗಿ, ನನ್ನ ದನಿ ತೆಗೆಸಿ ಎಂದು ಕೇಳಿದಳು.

ಮಾಸ್ತರರು ಕನ್ನಡಕದ ಮೇಲಿನಿಂದ ನೋಡಿದರು. "ಜನ ನನ್ನತ್ರ ಬಂದು ಗೋಡೆ ಮೇಲೆ ಫೋಟೋ ಹಾಕ್ಸಿ ಅಂತ ಕೇಳ್ತಾರೆ. ಹೆಸರು ಕೆತ್ತಿಸಿ ಅಂತ ಕೇಳ್ತಾರೆ. ತೆಗೆಸಿ ಅಂತ ಕೇಳಿದವರು ನೀವೇ ಮೊದಲು."

"ಅಮ್ಮ ಸಾಯ್ತಾಳೆ ಸಾರ್."

"ದನಿ ನಿಮ್ಮದಲ್ಲವಲ್ಲಮ್ಮ. ಅದು ರೈಲ್ವೆದು. ಈ ಕುರ್ಚಿ ಇದ್ದ ಹಾಗೆ."

"ನನ್ನ ಗಂಟಲು?"

ಮಾಸ್ತರರು ಯೋಚಿಸಿದರು. ಒಳ್ಳೆಯ ಮನುಷ್ಯ, ಆದರೆ ನಮೂನೆಯಿಲ್ಲದ ಕೆಲಸ ಅವರಿಗೆ ಬಾರದು. ಬೀರುವಿನ ತಳದಿಂದ ಒಂದು ಕಾಗದ ಹೆಕ್ಕಿ ತೆಗೆದರು. ಸವೆದ ಸಾಮಾನುಗಳನ್ನು ತೆಗೆದುಹಾಕಲು ಅನುಮತಿ ಕೇಳುವ ನಮೂನೆ ಅದು. ಮುರಿದ ಬೆಂಚು, ತೂತಾದ ಬಕೆಟ್ಟಿಗೆ ಬಳಸುವುದು.

"ಕಾರಣ ಏನು ಬರೀಲಿ? ತುಕ್ಕು, ಬಿರುಕು, ಸವೆತ. ಮೂರರಲ್ಲಿ ಒಂದು."

"ಸವೆತ," ಎಂದಳು ಮೈಕಕ್ಕ.

ಆರು ವಾರದ ಮೇಲೆ ಹೊಸ ದನಿ ಬಂತು. ರಾಜಧಾನಿಯ ಯಾವಳೋ, ಎಲ್ಲಿಯೂ ಕೀಲು ಕಾಣಿಸದ, ನೆಗಡಿ ಎಂದರೇನೆಂದೇ ಅರಿಯದ ದನಿ. ಅದು ಶುರುವಾಗುವ ಬೆಳಿಗ್ಗೆ ಮೈಕಕ್ಕ ರಜೆ ಹಾಕಿ ಅಮ್ಮನ ಪಕ್ಕದಲ್ಲೇ ಕೂತಳು. ಎಂಟರ ಗಾಡಿಯ ಘೋಷಣೆ ಬಂತು. ಅಮ್ಮ ಕಿವಿ ನಿಮಿರಿಸಿದಳು. ಹತ್ತರದು ಬಂತು. ಹನ್ನೆರಡೂವರೆಯದು ಬಂತು. ಅಮ್ಮ ಬುತ್ತಿ ಕಟ್ಟಲಿಲ್ಲ, ಏಳಲಿಲ್ಲ. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ ಅಂದುಕೊಂಡಳು ಮೈಕಕ್ಕ. ಇನ್ನು ಈ ಊರಿನಲ್ಲಿ ತಾನು ಇರುವುದು ಒಂದೇ ಕಡೆ. ಅಮ್ಮ ನಿಧಾನವಾಗಿಯಾದರೂ ಅಲ್ಲಿಗೆ ಬಂದು ತಲುಪುತ್ತಾಳೆ.

ಸಂಜೆಗೆ ಅಮ್ಮ ನಿಟ್ಟುಸಿರು ಬಿಟ್ಟು, "ವರ್ಗ ಆಯ್ತು," ಎಂದಳು.

"ಯಾರಿಗೆ?"

"ಮಗಳಿಗೆ. ಬೇರೆಯವಳು ಬಂದು ಕೂತಿದಾಳೆ, ಕೇಳಿಸ್ಲಿಲ್ವೇ? ಹೇಳದೆ ಹೋದಳಲ್ಲ. ಆರ್ಡರು ರಾತ್ರೋರಾತ್ರಿ ಬಂದಿರ್ಬೇಕು. ಅವರಪ್ಪನಿಗೂ ಎರಡು ಸಲ ಹಾಗೇ ಆಗಿತ್ತು."

ಎದ್ದು ಹೋಗಿ ಅಟ್ಟದಿಂದ ಗೋಣಿಚೀಲ ಇಳಿಸಿದಳು. ಗಂಡನ ಹಿಂದೆ ಏಳು ಊರು ತಿರುಗಿದವಳಿಗೆ ವರ್ಗದ ಕ್ರಮ ಯಾರೂ ಹೇಳಿಕೊಡಬೇಕಿರಲಿಲ್ಲ. ಡ್ಯೂಟಿಯವರು ಮೊದಲು ಹೋಗಿ ಹಾಜರಾಗಬೇಕು. ಕ್ವಾರ್ಟರ್ಸ್ ಸಿಕ್ಕ ಮೇಲೆ ಮನೆಮಂದಿ ಸಾಮಾನಿನ ಸಮೇತ ಹೋಗಬೇಕು. ಅಷ್ಟು ದಿನ ಕಟ್ಟಿಟ್ಟುಕೊಂಡು ಕಾಯಬೇಕು. ಪಾತ್ರೆಗಳ ನಡುವೆ ಹಳೆಯ ಬಟ್ಟೆ ತುರುಕಿ, ಬಾಯಿ ಹೊಲಿದು, ಹಗ್ಗವನ್ನು ಎರಡು ಸುತ್ತು ಬಿಗಿದು ಗಂಟು ಹಾಕಿದಳು. ಕನ್ನಡಕ ಎಲ್ಲಿದೆಯೆಂದು ಮರೆತ ಕೈಗೆ ಆ ಗಂಟು ಮರೆತಿರಲಿಲ್ಲ. ಬಾಗಿಲ ಬಳಿ ನಾಲ್ಕು ಮೂಟೆ ಸಾಲಾಗಿ ನಿಂತವು. ಅಮ್ಮ ಮೊದಲನೆಯದರ ಮೇಲೆ ಕೂತಳು.

ಅಲ್ಲಿಂದ ಏಳಲಿಲ್ಲ. ಹಳಿಯ ಕಡೆ ಹೆಜ್ಜೆ ಇಡಲಿಲ್ಲ ನಿಜ. ಊಟದ ಕಡೆಗೂ ಇಡಲಿಲ್ಲ. ಪಕ್ಕದ ಮನೆಯಿಂದ ಮೈಕಕ್ಕ ಪಾತ್ರೆ ಎರವಲು ತಂದು ಬೇಯಿಸಿ ಮುಂದಿಟ್ಟರೆ ಎರಡು ತುತ್ತು ತಿಂದು, "ಸಾಕು, ಅಲ್ಲಿ ಅವಳ ಜತೆ ಉಣ್ತೀನಿ," ಎಂದು ತಟ್ಟೆ ದೂಡುತ್ತಿದ್ದಳು. ದಿನಾ ಅಂಚೆಯವನನ್ನು ಕೇಳುತ್ತಿದ್ದಳು. ಇಪ್ಪತ್ತು ದಿನದಲ್ಲಿ ಅವಳ ಬಳೆ ಮೊಣಕೈವರೆಗೆ ಜಾರತೊಡಗಿತು. ಡಾಕ್ಟರು ನಾಲಿಗೆ ನೋಡಿ, ಹೀಗೇ ಆದರೆ ಇನ್ನು ಹತ್ತು ದಿನ ಎಂದು ಹೇಳಿ, ಏನು ಹತ್ತು ದಿನ ಎಂದು ಹೇಳದೆ ಹೋದರು. ಡಬ್ಬಿಯಿಂದ ಉಳಿಸಿದವಳನ್ನು ಮೂಟೆಯ ಮೇಲೆ ಕೂರಿಸಿ ಕೊಂದೆನಲ್ಲ ಎಂದು ಮೈಕಕ್ಕ ಬೇಲಿಯ ಬಳಿ ನಿಂತು ಅತ್ತಳು. ಗೇಟುಮಾವನೂ ಪಕ್ಕದ ಮನೆಯಾಕೆಯೂ ಅಲ್ಲಿದ್ದರು.

"ಹಳೇ ದನಿ ಮತ್ತೆ ಹಾಕಿಸ್ಲಿಕ್ಕಾಗಲ್ವಾ?" ಎಂದ ಗೇಟುಮಾವ.

"ಅಳಿಸಿ ಹಾಕಿದಾರೆ. ಸವೆದ ಸಾಮಾನು."

ಪಕ್ಕದ ಮನೆಯಾಕೆ ಮೂಗು ಒರೆಸಿಕೊಂಡು, "ಹಾಗಿದ್ರೆ ವರ್ಗ ಮಾಡ್ಬಿಡಿ," ಎಂದಳು.

"ಏನು?"

"ವರ್ಗ ಆಗಿದೆ ಅಂತ ತಾನೇ ಅವರು ಕೂತಿರೋದು? ಕರ್ಕೊಂಡು ಹೋಗಿ. ಮೂಟೆ ಹೇರ್ಕೊಂಡು ಬೆಳಗಿನ ಗಾಡಿ ಹತ್ತಿ. ಮೂರು ಸ್ಟೇಷನ್ ಆಚೆ ಇಳಿದು, ಮಧ್ಯಾಹ್ನದ ಗಾಡೀಲಿ ವಾಪಸ್ ಬನ್ನಿ. ಹೋಗುವಾಗ ಗೇಟಿನ ಕಡೆಯಿಂದ ಹೋಗಿ, ಬರುವಾಗ ನೀರಿನ ಟ್ಯಾಂಕಿನ ಕಡೆಯಿಂದ ಬನ್ನಿ. ರೈಲ್ವೆ ಕ್ವಾರ್ಟರ್ಸ್ ಅಲ್ವಾ, ಎಲ್ಲಿ ಹೋದ್ರೂ ಅದೇ ಹಳದಿ ಗೋಡೆ, ಅದೇ ಹಸಿರು ಬಾಗಿಲು. ನಾನೇ ಮದುವೆಯಾಗಿ ಬಂದ ಹೊಸದ್ರಲ್ಲಿ ಮೂರು ಸಲ ಬೇರೆಯವರ ಮನೆಗೆ ನುಗ್ಗಿದೀನಿ. ಒಂದು ಸಲ ಚಹಾ ಕೂಡ ಮಾಡಿದ್ದೆ."

"ಮೋಸ ಅಲ್ವಾ ಅದು?"

"ಊಟ ಮಾಡ್ತಾರಲ್ಲ."

ತೊಡಕು ಒಂದೇ ಇತ್ತು. ಅಮ್ಮನ ಮಾತು ಬಲ್ಲವಳು ಮೈಕಕ್ಕ ಒಬ್ಬಳೇ. ಬೇರೆ ಯಾರ ಜತೆಗೂ ಅವಳು ಗಾಡಿ ಹತ್ತುವವಳಲ್ಲ. ಅಲ್ಲಿ ಹೊಸ ಮನೆಯ ಬಾಗಿಲು ತೆರೆಯಬೇಕಾದವಳೂ ಮೈಕಕ್ಕನೇ. ಕರೆದುಕೊಂಡು ಹೋಗುವವಳೂ ಬರಮಾಡಿಕೊಳ್ಳುವವಳೂ ಒಬ್ಬಳೇ ಆದರೆ ಹೇಗೆ ಎಂದು ಮೂವರೂ ಸುಮಾರು ಹೊತ್ತು ಬೇಲಿ ಹಿಡಿದು ನಿಂತರು. ಕೊನೆಗೆ ಗೇಟುಮಾವ, "ಓಡ್ಬೇಕಾಗತ್ತೆ," ಎಂದ.

ಅಮ್ಮನಿಗೆ ಕಾಗದ ಬಂದಿದೆ ಎಂದು ಹೇಳಿದ್ದೇ ತಡ, ತಲೆ ಬಾಚಿಕೊಂಡು ಸಿದ್ಧಳಾದಳು. ಪಾಯಿಂಟ್ಸ್‌ಮನ್ ಮೂಟೆಗಳನ್ನು ಗಾಡಿಯ ಹಿಂದಿನ ಡಬ್ಬಿಗೆ ಏರಿಸಿದ. ಹೊರಡುವಾಗ ಅಮ್ಮ ಮನೆಯ ಗೋಡೆಯನ್ನು ಒಮ್ಮೆ ಸವರಿ ಬೀಗದ ಕೈಯನ್ನು ಪಕ್ಕದ ಮನೆಯಾಕೆಯ ಕೈಗಿತ್ತಳು. ತನ್ನ ಭಾಷೆಯಲ್ಲಿ ಅವಳೇನೋ ಹೇಳಿದಳು, ಆಕೆ ತನ್ನ ಭಾಷೆಯಲ್ಲಿ ಏನೋ ಹೇಳಿದಳು, ಇಬ್ಬರೂ ಅತ್ತರು. ಮೈಕಕ್ಕನಿಗೆ ಎರಡೂ ಅರ್ಥವಾಯಿತು. ಒಬ್ಬಳು ನೀರಿನ ನಲ್ಲಿಯ ಬಗ್ಗೆ ಹೇಳಿದ್ದಳು, ಇನ್ನೊಬ್ಬಳು ತನ್ನ ಎರವಲು ಪಾತ್ರೆಯ ಬಗ್ಗೆ.

ಗಾಡಿಯಲ್ಲಿ ಅಮ್ಮ ಕಿಟಕಿಯ ಪಕ್ಕ ಕೂತಳು. ಮೈಕಕ್ಕ ಎದುರಿಗೆ ಕೂತಳು.

"ನಿಮಗೆ ತೊಂದರೆ ಕೊಟ್ಟೆ," ಎಂದಳು ಅಮ್ಮ. "ನಿಮ್ಮ ಕೆಲಸ ಬಿಟ್ಟು ಬಂದಿದೀರಿ."

"ಪರವಾಗಿಲ್ಲಮ್ಮ."

"ನನ್ನ ಮಗಳು ಮೈಕಿನಲ್ಲಿ ಮಾತಾಡ್ತಾಳಲ್ಲ, ಅದಕ್ಕೇ ಏನೋ ಮನೇಲಿ ಮಾತು ಕಡಿಮೆ. ತಟ್ಟೆ ನೋಡ್ತಾ ಉಣ್ತಾಳೆ. ಏನೇ ಅಂದ್ರೆ ಏನಿಲ್ಲ ಅಂತಾಳೆ. ನಿಮ್ಮ ಹಾಗಲ್ಲ. ನೀವು ಕೂತು ಮಾತಾಡ್ತೀರಿ."

ಮೈಕಕ್ಕ ಕಿಟಕಿಯಾಚೆ ನೋಡಿದಳು. ತಂತಿಕಂಬಗಳು ಒಂದೊಂದಾಗಿ ಹಿಂದೆ ಸರಿಯುತ್ತಿದ್ದವು. ತನ್ನನ್ನು ತನ್ನೆದುರಿಗೇ ದೂರುತ್ತಿದ್ದಾಳೆ, ತನ್ನನ್ನು ತನ್ನೆದುರಿಗೇ ಹೊಗಳುತ್ತಿದ್ದಾಳೆ. ಯಾವುದಕ್ಕೆ ಮುಖ ಕೊಡುವುದು? ಕೆಟ್ಟವಳಾದ ಆ ಮಗಳ ಮೇಲೆ ಅವಳಿಗೆ ಒಂದು ಗಳಿಗೆ ಸಿಟ್ಟೇ ಬಂತು.

"ನಿಮಗೆ ತಾಯಿ ಇದಾರಾ?" ಕೇಳಿದಳು ಅಮ್ಮ.

"ಇದಾಳೆ."

"ಎಲ್ಲಿ?"

"ಊರಲ್ಲೇ."

"ಹೋಗಿ ನೋಡ್ಕೊಳ್ಳಿ ಮತ್ತೆ. ನನ್ನ ಹಿಂದೆ ಅಲೀತಾ ಅವರನ್ನ ಮರೀಬೇಡಿ. ವಯಸ್ಸಾದವರು ಹೇಳ್ಕೊಳ್ಳಲ್ಲ."

ಮೂರನೆಯ ಸ್ಟೇಷನ್ನಿನಲ್ಲಿ ಮೂಟೆಗಳ ಸಮೇತ ಇಳಿದು, ಬೇವಿನ ಮರದ ಕೆಳಗಿನ ಬೆಂಚಿನ ಮೇಲೆ ಎರಡು ತಾಸು ಕೂತು, ಇನ್ನೊಂದು ಗಾಡಿ ಬದಲಿಸಬೇಕು ಎಂದು ಹೇಳಿ ಮಧ್ಯಾಹ್ನದ ಗಾಡಿ ಹತ್ತಿಸಿದಳು. ತಮ್ಮ ಊರು ಬರುತ್ತಿದ್ದಂತೆ ಅಮ್ಮ ಎಲ್ಲಿ ಗುರುತು ಹಿಡಿದುಬಿಡುತ್ತಾಳೋ ಎಂದು ಮೈಕಕ್ಕ ಅವಳ ಮುಖವನ್ನೇ ನೋಡಿದಳು. ಅಮ್ಮ ಹೊರಗೆ ನೋಡಿ, "ದೊಡ್ಡ ಊರಿನ ಹಾಗಿದೆ," ಎಂದಳಷ್ಟೆ.

ಮೂರನೇ ಪ್ಲಾಟ್‌ಫಾರಮ್ಮಿನಲ್ಲಿ ಪಕ್ಕದ ಮನೆಯಾಕೆ ತಲೆಗೆ ಬೇರೆ ಬಣ್ಣದ ಬಟ್ಟೆ ಸುತ್ತಿಕೊಂಡು, ಹೊಸಬಳಂತೆ ಗಂಭೀರವಾಗಿ ನಿಂತಿದ್ದಳು. "ಇವರು ನಿಮ್ಮನ್ನ ಮನೆಗೆ ಮುಟ್ಟಿಸ್ತಾರೆ," ಎಂದಳು ಮೈಕಕ್ಕ. "ನನಗಿಲ್ಲೇ ಒಂದು ಕೆಲಸ ಇದೆ."

ಅಮ್ಮ ಅವಳ ಎರಡೂ ಕೈ ಹಿಡಿದುಕೊಂಡಳು. "ಇಷ್ಟು ದಿನ ಒಟ್ಟಿಗಿದ್ವಿ. ನಿಮ್ಮ ಹೆಸರೇ ಕೇಳ್ಲಿಲ್ಲವಲ್ಲ ನಾನು."

ಮೈಕಕ್ಕ ಬಾಯಿ ತೆರೆದಳು. ಎಂಜಿನ್ ಉದ್ದಕ್ಕೆ ಸೀಟಿ ಹಾಕಿ ಅವಳನ್ನು ಉಳಿಸಿತು.

ಆಮೇಲೆ ಓಡಿದಳು. ಪ್ಲಾಟ್‌ಫಾರಮ್ಮಿನ ತುದಿಯಿಂದ ಧುಮುಕಿ, ಒಂಬತ್ತು ಹಳಿಗಳನ್ನು ಅಡ್ಡಡ್ಡಲಾಗಿ ಹಾರುತ್ತ, ಒಂದು ಚಪ್ಪಲಿಯನ್ನು ನಾಲ್ಕನೇ ಲೈನಿನಲ್ಲಿ ಬಿಟ್ಟು ಓಡಿದಳು. "ಎಡಗಡೆ ಡಬ್ಬಿ," ಎಂದು ಎಲ್ಲಿಂದಲೋ ಗೇಟುಮಾವ ಅರಚಿದ್ದು ಕೇಳಿಸಿತು. ನಿಂತಳು, ಗಾಳಿ ಮುಖಕ್ಕೆ ಹೊಡೆಯಿತು, ಮತ್ತೆ ಓಡಿದಳು. ಪಕ್ಕದ ಮನೆಯಾಕೆ ತೆರೆದಿಟ್ಟಿದ್ದ ಹಿತ್ತಲ ಬಾಗಿಲಿನಿಂದ ಒಳಗೆ ನುಗ್ಗಿ, ಪ್ರಯಾಣದ ಬಟ್ಟೆ ಕಿತ್ತು ಹಾಸಿಗೆಯ ಕೆಳಗೆ ತುರುಕಿ, ನೀಲಿ ಕೋಟು ತೊಟ್ಟು, ಮುಂಬಾಗಿಲಿನ ಹಿಂದೆ ನಿಂತು ಉಸಿರು ಎಣಿಸಿದಳು. ಮನೆ ಖಾಲಿಯಾಗಿತ್ತು. ಮೂಟೆಗಳಿಲ್ಲದ ತನ್ನದೇ ಮನೆ ಅವಳಿಗೂ ಅಪರಿಚಿತವಾಗಿ ಕಂಡಿತು. ಈಗ ಬಾಗಿಲು ತಟ್ಟುವವರು ಯಾರು, ತೆರೆಯುವವಳು ಯಾರು ಎಂದು ಒಂದು ಕ್ಷಣ ನಿಜಕ್ಕೂ ತಿಳಿಯಲಿಲ್ಲ.

ಬಾಗಿಲು ತಟ್ಟಿದ ಸದ್ದಾಯಿತು. ತೆರೆದಳು.

ಅಮ್ಮ ಹೊಸ್ತಿಲಲ್ಲಿ ನಿಂತು ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಆ ನೋಟ ಕೋಟಿನ ಗುಂಡಿಯಿಂದ ಗುಂಡಿಗೆ ಇಳಿದು ಚಪ್ಪಲಿಯಿಲ್ಲದ ಕಾಲಿನ ಮೇಲೆ ನಿಂತಿತು.

"ಬರಿಗಾಲಲ್ಲಿ ಡ್ಯೂಟಿಗೆ ಹೋಗ್ತೀಯಾ?" ಎಂದಳು. "ನಾನು ಬರೋದು ಇಪ್ಪತ್ತು ದಿನ ತಡ ಆದ್ರೆ ಇಷ್ಟು ಇಳಿದು ಹೋಗೋದಾ? ಏನು ತಿಂತಿದ್ದೆ?"

ಅಮ್ಮ ಅವಳನ್ನು ಪಕ್ಕಕ್ಕೆ ಸರಿಸಿ ಒಳಗೆ ಬಂದು ಗೋಡೆ ತಟ್ಟಿದಳು, ಕಿಟಕಿ ತೆರೆದಳು, ನಲ್ಲಿ ತಿರುಗಿಸಿದಳು. "ಹಿಂದಿನದಕ್ಕಿಂತ ಗಾಳಿ ಬೆಳಕು ಚೆನ್ನಾಗಿದೆ. ಅಡಿಗೆಮನೆ ಸ್ವಲ್ಪ ಚಿಕ್ಕದು. ಇರ್ಲಿ." ಮೂಟೆಗಳು ಬಂದವು. ತನ್ನ ಗಂಟುಗಳನ್ನು ತಾನೇ ಬಿಚ್ಚಿ, ಒಲೆ ಹಚ್ಚಿ, ಮುಕ್ಕಾಲು ತಾಸಿನಲ್ಲಿ ಇಬ್ಬರಿಗೂ ಬಡಿಸಿದಳು. ತಾನೂ ಕೂತಳು. ಮೈಕಕ್ಕ ಈ ಸಲ ತಟ್ಟೆ ನೋಡಲಿಲ್ಲ, ಅಮ್ಮನ ದವಡೆ ನೋಡಿದಳು. ಅದು ಆಡುತ್ತಿತ್ತು. ಒಂದು ತುತ್ತು, ಇನ್ನೊಂದು. ಬದುಕುತ್ತಾಳೆ. ಅಷ್ಟೇ ಬೇಕಾಗಿದ್ದುದು, ಮತ್ತೇನೂ ಬೇಡ ಅಂದುಕೊಂಡಳು.

ಅರ್ಧ ಊಟದಲ್ಲಿ ಅಮ್ಮನ ಕೈ ನಿಂತಿತು.

"ನನ್ನ ಜತೆ ಬಂದವರು ಎಲ್ಲಿ?"

"ಯಾರಮ್ಮ?"

"ಒಬ್ಬರು ಬಂದಿದ್ರಲ್ಲ. ಅಷ್ಟು ದೂರದಿಂದ ನನ್ನನ್ನ ಕೂಸಿನ ಹಾಗೆ ಕರ್ಕೊಂಡು ಬಂದ್ರು. ಆ ಊರಲ್ಲಿ ನಿನ್ನ ಬಿಟ್ರೆ ನಮ್ಮ ಮಾತು ಯಾರಿಗೂ ಬರ್ತಿರ್ಲಿಲ್ಲ. ಅವರು ಎಷ್ಟು ಚೆನ್ನಾಗಿ ಆಡ್ತಿದ್ರು ಗೊತ್ತಾ? ನನಗೋಸ್ಕರ ಕಲ್ತಿರ್ಬೇಕು." ಅಮ್ಮ ತಟ್ಟೆ ಸರಿಸಿದಳು. "ಅವರಿಗೆ ಒಂದು ಲೋಟ ನೀರೂ ಕೊಡದೆ ಸ್ಟೇಷನ್ನಲ್ಲೇ ಬಿಟ್ಟು ಬಂದ್ನಲ್ಲ. ಇನ್ನೂ ಅಲ್ಲೇ ಇರ್ತಾರೆ. ಹೋಗಿ ಕರ್ಕೊಂಡು ಬಾ."

"ಅವರು ಹೊರಟು ಹೋ..." ಎಂದು ಶುರುಮಾಡಿದ ಮೈಕಕ್ಕ ಅಮ್ಮನ ಮುಖ ನೋಡಿ ನಿಲ್ಲಿಸಿದಳು. ಆ ಮುಖವನ್ನು ಅವಳು ಬಲ್ಲಳು. ಮೂಟೆಯ ಮೇಲೆ ಇಪ್ಪತ್ತು ದಿನ ಕೂತಿದ್ದ ಮುಖ ಅದು.

"ಅವರು ಬರದೆ ನನಗೆ ಸೇರಲ್ಲ," ಎಂದಳು ಅಮ್ಮ. "ಹೋಗು."

ಮೈಕಕ್ಕ ಪಕ್ಕದ ಮನೆಯಾಕೆ ಹೊಸ್ತಿಲಲ್ಲಿ ಬಿಟ್ಟುಹೋಗಿದ್ದ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದಳು. ಬೇಲಿಯ ಬಳಿ ಆಕೆಯೂ ಗೇಟುಮಾವನೂ ಪರೀಕ್ಷೆ ಬರೆದವರ ಹಾಗೆ ಕಾಯುತ್ತಿದ್ದರು.

"ಗುರುತು ಹಿಡಿದ್ರಾ?"

"ಹಿಡಿದ್ಲು."

"ಉಂಡ್ರಾ?"

"ಅರ್ಧ."

"ಮತ್ತೆ ನೀವ್ಯಾಕೆ ಬೀದಿಗೆ ಬಂದ್ರಿ?"

"ನನ್ನನ್ನ ಹುಡುಕ್ಕೊಂಡು ಬರೋಕೆ ಕಳಿಸಿದಾಳೆ."

ಗೇಟುಮಾವ ನಕ್ಕ. ಪಕ್ಕದ ಮನೆಯಾಕೆ ನಗಲು ಹೋಗಿ ನಿಂತಳು. ಹಾಸಿಗೆಯ ಕೆಳಗೆ ಪ್ರಯಾಣದ ಬಟ್ಟೆ ಇತ್ತು. ಹಿತ್ತಲಿನಿಂದ ಹೋಗಿ ಅದನ್ನು ಉಟ್ಟು ಮುಂಬಾಗಿಲಿನಿಂದ ಬಂದರೆ ಅಮ್ಮ ಸಂತೋಷದಿಂದ ಎದ್ದು ನಿಲ್ಲುತ್ತಾಳೆ, ಬನ್ನಿ ಎನ್ನುತ್ತಾಳೆ, ಬಡಿಸುತ್ತಾಳೆ. ಆಮೇಲೆ ಮಗಳೆಲ್ಲಿ ಎಂದು ಕೇಳುತ್ತಾಳೆ. ಹೋಗದಿದ್ದರೆ ಆ ಅರ್ಧ ತಟ್ಟೆ ಹಾಗೇ ಆರುತ್ತದೆ. ಅವಳು ಎರಡು ಹೆಜ್ಜೆ ಸ್ಟೇಷನ್ನಿನ ಕಡೆಗೆ ಇಟ್ಟಳು, ಎರಡು ಹೆಜ್ಜೆ ಹಿತ್ತಲ ಕಡೆಗೆ. ಬೀದಿಯ ನಡುವೆ ನಿಂತಳು.

ಕಿಟಕಿಯಲ್ಲಿ ಅಮ್ಮನ ತಲೆ ಕಾಣಿಸಿತು. "ಸಿಕ್ಕಿದ್ರಾ?"

ಮೂರು ಭಾಷೆಗಳಲ್ಲಿ 'ವಿಷಾದಿಸುತ್ತೇವೆ' ಎನ್ನಲು ಬರುತ್ತಿದ್ದ ಮೈಕಕ್ಕನಿಗೆ ನಾಲ್ಕನೆಯದರಲ್ಲಿ ಏನು ಹೇಳುವುದೆಂದು ತೋಚಲಿಲ್ಲ.

"ಹುಡುಕ್ತಾ ಇದೀನಮ್ಮ," ಎಂದಳು.

ಅಮ್ಮ ಬೀದಿಯ ಆ ತುದಿಯವರೆಗೆ ಒಮ್ಮೆ, ಈ ತುದಿಯವರೆಗೆ ಒಮ್ಮೆ ನೋಡಿದಳು. ಆಮೇಲೆ ಕೆಳಗೆ ನಿಂತವಳನ್ನು ನೋಡಿದಳು.

"ಸರಿ," ಎಂದಳು. "ಸಿಗೋವರೆಗೆ ನೀನಾದ್ರೂ ಒಳಗೆ ಬಾ."